ಉಷ್ಣ ಇಳಿಸಲು ನಾರ್ವೆಗೆ

ನನ್ನ ಹೊಟ್ಟೆಯ ಎಡಗಡೆ ಒಂದು ಚೀಲ ಅಂಟಿಕೊಂಡಿದೆ. ಉಳಿದವರು ಬಾಗಿಲು ಹಾಕಿಕೊಂಡು ಮಾಡುವ ಕೆಲಸವನ್ನು ಅದು ಮೀಟಿಂಗಿನ ನಡುವೆ, ಊಟದ ನಡುವೆ, ಹೆಂಡತಿಯ ಚರ್ಚಿನಲ್ಲಿ ಬಲಿಪೂಜೆಯ ನಡುವೆ ತನ್ನ ಪಾಡಿಗೆ ಮಾಡಿ ಮುಗಿಸುತ್ತದೆ. ಒಮ್ಮೊಮ್ಮೆ ಸದ್ದೂ ಮಾಡುತ್ತದೆ. ನಾಚಿಕೆಯ ಮಾತನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು ಎಂದುಕೊಂಡಿದ್ದೆ. ಸಲೀಸಾಗುತ್ತಿಲ್ಲ. ನನಗೆ ಬಂದದ್ದು ಗುದನಾಳದ ಕ್ಯಾನ್ಸರ್. ಈಗ ಇಲ್ಲ ಎನ್ನುತ್ತಾರೆ ಡಾಕ್ಟರು. ಇದೇ ಕಾಯಿಲೆಯವರು ಯಾರಾದರೂ ಓದುತ್ತಿದ್ದರೆ, ಚೀಲದ ಜೊತೆ ಬದುಕಬಹುದು, ಹೆದರಬೇಡಿ. ನನಗೆ ಬದುಕಲು ಕಷ್ಟವಾಗಿರುವುದು ಬೇರೊಂದರ ಜೊತೆ.

ದೋಹಾಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಕಟ್ಟಡ ಕಟ್ಟುವ ಕಂಪೆನಿಯಲ್ಲಿ ನಾನು ಸೇಫ್ಟಿ ಆಫೀಸರ್. ಬೇಸಿಗೆ ಶುರುವಾದರೆ ನನ್ನ ಕೆಲಸವೆಲ್ಲ ಬಿಸಿಲಿನದ್ದೇ. ಬೆಳಿಗ್ಗೆ ಸೈಟಿನಲ್ಲಿ ಕೆಲಸಗಾರರನ್ನು ನಿಲ್ಲಿಸಿ ನೀರು ಕುಡಿಯಿರಿ, ನೆರಳಿನಲ್ಲಿ ಕೂರಿ, ತಲೆ ತಿರುಗಿದರೆ ಮುಚ್ಚಿಡಬೇಡಿ ಎಂದು ಹಿಂದಿಯಲ್ಲಿ ಭಾಷಣ ಬಿಗಿಯುವುದು. ಅವರ ಶೌಚಾಲಯದ ಬಾಗಿಲುಗಳ ಒಳಗಡೆ ಒಂದು ಬಣ್ಣದ ಪಟ್ಟಿ ಅಂಟಿಸಿರುತ್ತೇವೆ. ನಿಮ್ಮ ಮೂತ್ರ ಈ ಬಣ್ಣಕ್ಕಿಂತ ಕಪ್ಪಾಗಿದ್ದರೆ ಕೂಡಲೇ ಬಂದು ಹೇಳಿ ಎಂದು ಅದರಲ್ಲಿ ಆರು ಭಾಷೆಗಳಲ್ಲಿ ಬರೆದಿದೆ. ಅದನ್ನು ಅಂಟಿಸುವವನು ನಾನೇ. ಸಾವಿರಾರು ಗಂಡಸರಿಗೆ ಬಗ್ಗಿ ನೋಡಿ ಎಂದು ಪಾಠ ಹೇಳಿದ ನಾನು ನನ್ನದನ್ನು ನೋಡಿ ಫ್ಲಶ್ ಮಾಡಿದೆ.

ನನ್ನ ಮನೆಮಾತು ತುಳು, ಹೆಂಡತಿ ಲವೀನಾಳದು ಕೊಂಕಣಿ. ಎರಡೂ ಕಡೆಯವರನ್ನು ಅಳಿಸಿ ಮದುವೆಯಾದವರು ನಾವು, ಮನೆಯಲ್ಲಿ ನಡುವಿನ ಭಾಷೆ ಕನ್ನಡ. ಅವಳು ಇಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ಟೀಚರ್. ಒಬ್ಬಳೇ ಮಗಳು ರಿಯಾ, ಇಲ್ಲೇ ಹುಟ್ಟಿದವಳು. ಅವಳ ಕನ್ನಡ ಅಡುಗೆಮನೆಯ ಮಟ್ಟಿಗೆ ಸಾಕು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಮೂವರಿಗೆ ಒಂದೇ ಬಾತ್‌ರೂಮ್. ಇದನ್ನು ಹೇಳಲೇಬೇಕು, ಯಾಕೆಂದರೆ ಎಲ್ಲ ಶುರುವಾದದ್ದು ಅಲ್ಲಿಂದ.

ಕಾಯಿಲೆ ಗೊತ್ತಾದ ವರ್ಷ ಜನವರಿಯ ಕೊನೆಯಲ್ಲಿ ಮೊದಲ ಸಲ ರಕ್ತ ಕಂಡಿತು. ನನ್ನ ತಲೆಗೆ ಬಂದ ಮೊದಲ ಪದ ಉಷ್ಣ. ನಮ್ಮ ಕಡೆ ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮೂಗಿನಲ್ಲಿ ರಕ್ತ ಬಂದರೆ ಉಷ್ಣ, ಕೆಳಗಿನಿಂದ ಬಂದರೆ ಇನ್ನೂ ದೊಡ್ಡ ಉಷ್ಣ. ಫೋನಿನಲ್ಲಿ ಅಮ್ಮನಿಗೆ ಹೊಟ್ಟೆ ಉರಿಯೆಂದಷ್ಟೇ ಹೇಳಿದೆ. "ಆ ಮರಳುಗಾಡಲ್ಲಿ ಕೂತ್ರೆ ಇನ್ನೆಂಥ ಆಗ್ತದೆ? ಪುನರ್ಪುಳಿ ಕುಡಿ" ಎಂದಳು. ಊರಿಂದ ಬಂದವರೊಬ್ಬರ ಕೈಯಲ್ಲಿ ಒಣ ಪುನರ್ಪುಳಿಯ, ಅಂದರೆ ಕೋಕಂ ಹಣ್ಣಿನ, ಸಿಪ್ಪೆ ಎರಡು ಕಿಲೋ ಬಂತು. ಪ್ರತಿ ಶುಕ್ರವಾರ ಬೆಳಿಗ್ಗೆ ಸೈಕಲ್ ತುಳಿಯುವವನು ನಾನು, ಸೀಟಿನ ಮೇಲೆ ನಾಲ್ಕು ಗಂಟೆ ಕೂತರೆ ಉಷ್ಣ ಏರದೆ ಇನ್ನೇನು ಎಂದು ಕಾರಣವನ್ನೂ ಹುಡುಕಿಕೊಂಡೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ, ಜೂನಿನ ಸೈಕಲ್ ಯಾತ್ರೆ. ಕೋಪನ್‌ಹೇಗನ್‌ನಿಂದ ಹೊರಟು ಸ್ವೀಡನ್ನಿನ ಪಶ್ಚಿಮ ಕರಾವಳಿ ಹಿಡಿದು ನಾರ್ವೆಯ ಓಸ್ಲೋ, ಅಲ್ಲಿಂದ ಬೆಟ್ಟ ಹತ್ತಿ ಟ್ರೊಂಡ್‌ಹೈಮ್. ಒಬ್ಬನೇ, ಹದಿನೆಂಟು ದಿನ. ಮೂರು ವರ್ಷದಿಂದ ನಕಾಶೆ ಬಿಡಿಸಿಟ್ಟುಕೊಂಡು ಕೂತಿದ್ದೆ. ರಜೆ ಮಂಜೂರಾಗಿತ್ತು, ವೀಸಾಕ್ಕೆ ಕಾಗದ ಕೊಟ್ಟಾಗಿತ್ತು. ನಲವತ್ತೆಂಟು ವರ್ಷ ಯಾರದೋ ಹಿಂದೆ, ಯಾರದೋ ಕೆಳಗೆ ಬದುಕಿದವನಿಗೆ ಒಬ್ಬನೇ ಮುಂದೆ ಹೋಗುವ ಆಸೆ. ಉಷ್ಣದ ಯೋಚನೆಯೂ ಅದಕ್ಕೇ ಬಂದು ಸೇರಿಕೊಂಡಿತು: ಅಷ್ಟು ತಂಪು ದೇಶಕ್ಕೆ ಹೋದರೆ ಮೈ ತಣಿಯುತ್ತದೆ, ರಕ್ತ ತಾನಾಗಿ ನಿಲ್ಲುತ್ತದೆ. ನಗಬೇಡಿ. ಡಿಪ್ಲೊಮಾ ಓದಿದವನು ನಾನು, ಇದನ್ನು ಪೂರ್ತಿ ನಂಬಿದ್ದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಅವಸರದಲ್ಲಿ ರಿಯಾ ನನ್ನ ಹಿಂದೆಯೇ ಬಾತ್‌ರೂಮಿಗೆ ಹೋದಳು. ಫ್ಲಶ್ ಸರಿಯಾಗಿ ಆಗಿರಲಿಲ್ಲ. ಲವೀನಾ ಆಗಲೇ ಶಾಲೆಗೆ ಹೋಗಿದ್ದಳು. ಹೊರಗೆ ಬಂದ ಮಗಳ ಮುಖ ಬಿಳಚಿಕೊಂಡಿತ್ತು.

"ಪಪ್ಪ, ದಟ್ ಈಸ್ ಬ್ಲಡ್."

"ಅದು ಉಷ್ಣ ಮಗಾ."

"ವಾಟ್ ಈಸ್ ಉಷ್ಣ?"

"ಉಷ್ಣ ಅಂದ್ರೆ ಹೀಟ್. ಬಾಡಿ ಹೀಟ್."

"ವೇರ್ ಈಸ್ ದ ಹೀಟ್? ಇಟ್ಸ್ ಫೆಬ್ರವರಿ. ನಾನು ಸ್ವೆಟರ್ ಹಾಕಿದ್ದೇನೆ."

ಸಂಜೆ ಫೋನಿನಲ್ಲಿ ಏನೇನೋ ಓದಿಕೊಂಡು ಬಂದು ನನ್ನೆದುರು ಕೂತಳು. ಡಾಕ್ಟರ್ ಹತ್ರ ಹೋಗಿ, ಇಲ್ಲದಿದ್ದರೆ ಅಮ್ಮನಿಗೆ ಹೇಳ್ತೇನೆ ಎಂದಳು. ಉಷ್ಣ ಎಂಬ ಪದ ಗೊತ್ತಿಲ್ಲದ್ದರಿಂದ ಅವಳಿಗೆ ರಕ್ತ ರಕ್ತವಾಗಿಯೇ ಕಂಡಿತ್ತು. ಲವೀನಾಳಿಗೆ ಗೊತ್ತಾದರೆ ಯಾತ್ರೆ ಅಲ್ಲಿಗೇ ಖಲಾಸ್ ಎಂದು ನನಗೆ ಗೊತ್ತಿತ್ತು. ಹದಿನೈದು ವರ್ಷದ ಮಗಳ ಕೈಯನ್ನು ಹಿಡಿದು ನನ್ನ ತಲೆಯ ಮೇಲೆ ಇಡಿಸಿದೆ. "ಆಣೆ ಮಾಡು. ಅಮ್ಮನಿಗೆ ಹೇಳುವುದಿಲ್ಲ ಅಂತ. ಟ್ರಿಪ್ ಮುಗಿಸಿ ಬಂದ ಮರುದಿನವೇ ಡಾಕ್ಟರ್ ಹತ್ರ ಹೋಗ್ತೇನೆ" ಎಂದೆ. ಹೀಗೆ ತಲೆ ಮುಟ್ಟಿದರೆ ಏನರ್ಥ ಎಂದು ಕೇಳಿದಳು. ಮಾತು ತಪ್ಪಿದರೆ ತಲೆ ಯಾರದೋ ಅವರು ಸಾಯುತ್ತಾರೆ ಎಂದೆ. ತಮಾಷೆಯ ದನಿಯಲ್ಲೇ ಹೇಳಿದ್ದು. ಅವಳು ನಗಲಿಲ್ಲ. ಆ ದಿನ ನಾನು ಮಗಳಿಗಿಂತ ಹೆಚ್ಚು ಆ ಸೈಕಲ್ಲನ್ನು ಪ್ರೀತಿಸಿದ್ದೆ, ಇದನ್ನು ಬೇರೆ ಯಾವ ರೀತಿಯಲ್ಲೂ ಬರೆಯಲು ಬರುವುದಿಲ್ಲ.

ಯಾತ್ರೆ ಚೆನ್ನಾಗಿತ್ತು. ಇದೂ ನಿಜ. ಡೆನ್ಮಾರ್ಕಿನಿಂದ ದೋಣಿಯಲ್ಲಿ ಸ್ವೀಡನ್ನಿಗೆ ದಾಟಿದೆ. ಎಡಕ್ಕೆ ಸಮುದ್ರ, ಬಲಕ್ಕೆ ಗೋಧಿಯ ಹೊಲ, ಮುಖಕ್ಕೆ ರಾಚುವ ತಣ್ಣನೆಯ ಗಾಳಿ. ಸೈಕಲ್ಲಿನ ನೀರಿನ ಬಾಟಲಿಯಲ್ಲಿ ಪುನರ್ಪುಳಿ ನೆನೆಹಾಕಿಕೊಂಡು ಕುಡಿಯುತ್ತ ತುಳಿದೆ. ಕ್ಯಾಂಪಿನ ಶೌಚಾಲಯಗಳು ನಮ್ಮ ಫ್ಲ್ಯಾಟಿಗಿಂತ ಚೊಕ್ಕಟ, ಎಲ್ಲ ಬೆಳ್ಳಗೆ. ಆ ಬಿಳಿಯ ಮೇಲೆ ಪ್ರತಿದಿನ ಬೆಳಿಗ್ಗೆ ನನ್ನ ಕೆಂಪು. ಬಾಟಲಿಯಲ್ಲೂ ಕೆಂಪು ನೀರಿದ್ದದ್ದರಿಂದ, ಇದೇ ಬಣ್ಣ ಹಾಗೇ ಇಳಿದುಬರುತ್ತಿರಬೇಕು ಎಂದು ಒಂದು ವಾರ ಸಮಾಧಾನ ಮಾಡಿಕೊಂಡೆ. ಮನುಷ್ಯನಿಗೆ ಬುದ್ಧಿ ಮಂಕಾದರೆ ಎಷ್ಟು ಮಂಕಾಗಬಹುದು ಎನ್ನುವುದಕ್ಕೆ ನಾನೇ ಸಾಕ್ಷಿ.

ದಿನಾ ಮಧ್ಯಾಹ್ನ ರಿಯಾಳ ಮೆಸೇಜ್ ಬರುತ್ತಿತ್ತು. ಒಂದೇ ಪದ: "ಸ್ಟಿಲ್?" ನಾನು "ನೋ" ಎಂದು ಬರೆದು ಜೊತೆಗೆ ಸರೋವರದ್ದೋ ಹಸುವಿನದ್ದೋ ಫೋಟೋ ಕಳಿಸುತ್ತಿದ್ದೆ. ಓಸ್ಲೋ ದಾಟಿದ ಮೇಲೆ ಏರು ಶುರುವಾಯಿತು. ಎತ್ತರದ ಬಯಲಿನಲ್ಲಿ ಜೂನ್ ತಿಂಗಳಲ್ಲಿ ಹಿಮ ಬೆರೆತ ಮಳೆ ಹೊಡೆಯಿತು. ಬಸ್ ನಿಲ್ದಾಣದ ಗೂಡಿನಲ್ಲಿ ಕೂತು ಗಡಗಡ ನಡುಗಿದೆ. ಚಡ್ಡಿ ಒದ್ದೆಯಾಗಿತ್ತು, ಮಳೆಯಿಂದ ಮಾತ್ರವಲ್ಲ. ಅಷ್ಟರಲ್ಲೂ ಸಂತೋಷವಾಯಿತು, ಇಷ್ಟು ಚಳಿಗೆ ಉಷ್ಣ ಎಲ್ಲಿ ನಿಲ್ಲುತ್ತದೆ ಎಂದು. ಆವತ್ತಿನ "ಸ್ಟಿಲ್?" ಮೆಸೇಜಿಗೆ "ಕಂಪ್ಲೀಟ್ಲಿ ಕ್ಯೂರ್ಡ್" ಎಂದು ಬರೆದು ಹೆಬ್ಬೆರಳೆತ್ತಿದ ಫೋಟೋ ಕಳಿಸಿದೆ.

ಟ್ರೊಂಡ್‌ಹೈಮ್ ಮುಟ್ಟಿದೆ. ದೋಹಾಕ್ಕೆ ಬರುವಾಗ ಏಳು ಕಿಲೋ ಇಳಿದಿದ್ದೆ. ಅಲ್ ಹಿಲಾಲ್ ಬಡಾವಣೆಯ ಗೆಳೆಯನ ಮನೆಯಲ್ಲಿ ನಮ್ಮ ಸೈಕಲ್ ಬಳಗದವರು ಬಿರಿಯಾನಿ ಮಾಡಿಸಿ ಸನ್ಮಾನ ಮಾಡಿದರು. "ಎಂಥ ಫಿಟ್ ಆಗಿದ್ದೀರಿ ಮಾರಾಯ್ರೆ, ಹತ್ತು ವರ್ಷ ಸಣ್ಣ ಕಾಣ್ತೀರಿ" ಎಂದು ಎಲ್ಲರೂ ಬೆನ್ನು ತಟ್ಟಿದರು. ಕ್ಯಾನ್ಸರ್ ಇಳಿಸಿದ ತೂಕಕ್ಕೆ ನನಗೆ ಶಾಲು ಹೊದಿಸಿದರು. ರಿಯಾ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಮನೆಗೆ ಬರುವಾಗ ಕಾರಿನಲ್ಲಿ, "ನಾಳೆ ಡಾಕ್ಟರ್ ಅಲ್ವಾ ಪಪ್ಪ?" ಎಂದು ಮೆಲ್ಲಗೆ ಕೇಳಿದಳು. ನಿಂತುಹೋಗಿದೆಯಲ್ಲ, ಇನ್ನು ಯಾಕೆ ಎಂದೆ.

ಜುಲೈ ಎರಡನೇ ವಾರ. ಬೆಳಿಗ್ಗೆ ಆರೂವರೆಗೆ ಸೈಟಿನಲ್ಲಿ ನೂರೈವತ್ತು ಜನರ ಎದುರು ಬಿಸಿಲಿನ ಭಾಷಣ ಮಾಡುತ್ತಿದ್ದೆ. "ತಲೆ ತಿರುಗಿದರೆ" ಎನ್ನುವ ಮಾತಿಗೆ ಬಂದಾಗ ತಲೆ ತಿರುಗಿ ಬಿದ್ದೆ. ಹುಡುಗರು ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದರು: ನೆರಳಿಗೆ ಎಳೆದರು, ಶೂ ಬಿಚ್ಚಿದರು, ಕಂಕುಳಿಗೆ ಐಸ್ ಇಟ್ಟರು. ಹೀಟ್ ಸ್ಟ್ರೋಕ್ ಎಂದು ಬರೆದು ಆಂಬುಲೆನ್ಸ್ ಹತ್ತಿಸಿದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದವರು ಇದು ಬಿಸಿಲಿನದ್ದಲ್ಲ, ಮೈಯಲ್ಲಿ ಅರ್ಧ ರಕ್ತವೇ ಇಲ್ಲ ಎಂದರು. ಎರಡು ಬಾಟಲಿ ಏರಿಸಿದರು. ಕ್ಯಾಮೆರಾ ಇಳಿಸಿ ಒಳಗೆ ನೋಡಿದರು, ಒಂದು ಚೂರು ಕತ್ತರಿಸಿ ಕಳಿಸಿದರು.

ವರದಿ ಹೇಳುವ ದಿನ ಮೂವರೂ ಹೋದೆವು. ಡಾಕ್ಟರು ಸುಡಾನಿನವರು, ವಯಸ್ಸಾದವರು, ಮೆಲುದನಿ. ಪಕ್ಕದಲ್ಲಿ ಸಿಸ್ಟರ್ ಬಿಂದು, ಮಲಯಾಳಿ. ಎಷ್ಟು ದಿನದಿಂದ ರಕ್ತ ಹೋಗುತ್ತಿದೆ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು. ಮೂರು ನಾಲ್ಕು ವಾರ ಎಂದೆ.

"ನೋ," ಎಂದಳು ರಿಯಾ. "ಫೆಬ್ರವರಿಯಿಂದ."

ಲವೀನಾ ಅವಳ ಕಡೆ ತಿರುಗಿದಳು. ಡಾಕ್ಟರು ನನ್ನ ಕಡೆ. ಯಾಕೆ ಬರಲಿಲ್ಲ ಎಂದರು. ಹೀಟ್ ಅಂದುಕೊಂಡೆ ಎಂದೆ. ಯಾವುದರ ಹೀಟ್? ಬಾಡಿ ಹೀಟ್. ಜ್ವರವಿತ್ತೇ? ಇಲ್ಲ. ಹಾಗಾದರೆ ಯಾವ ಹೀಟ್? ಸಿಸ್ಟರ್ ಬಿಂದು ಮಧ್ಯೆ ಬಂದು, ನಮ್ಮ ಊರುಗಳಲ್ಲಿ ಎಲ್ಲದಕ್ಕೂ ಹಾಗೆ ಹೇಳುತ್ತಾರೆ ಡಾಕ್ಟರ್, ನನ್ನ ಅಪ್ಪನೂ ಹಾಗೇ ಹೇಳುತ್ತ ಕೂತಿದ್ದರು ಎಂದರು. ಅವರ ಅಪ್ಪನಿಗೆ ಆಮೇಲೆ ಏನಾಯಿತೆಂದು ಯಾರೂ ಕೇಳಲಿಲ್ಲ. ಆಮೇಲೆ ಡಾಕ್ಟರು ಆ ಪದ ಹೇಳಿದರು. ಕ್ಯಾನ್ಸರ್ ಎಂಬುದು ನಮ್ಮ ಮನೆಯ ಎಲ್ಲ ಭಾಷೆಯಲ್ಲೂ ಒಂದೇ ಇರುವುದರಿಂದ ಮೂವರಿಗೂ ಒಟ್ಟಿಗೇ ಅರ್ಥವಾಯಿತು.

ಹೊರಗೆ ಲಿಫ್ಟಿನ ಹತ್ತಿರ ಲವೀನಾ ನಿಂತಳು. ಅವಳ ಕೋಪ ನನ್ನ ಮೇಲೆ ಬರಬೇಕಿತ್ತು. ಆದರೆ ಆಗಷ್ಟೇ ಕ್ಯಾನ್ಸರ್ ಎಂದು ಕೇಳಿಸಿಕೊಂಡ ಗಂಡನ ಮೇಲೆ ಹೇಗೆ ಬಂದೀತು?

"ಫೆಬ್ರವರಿಯಿಂದ ಗೊತ್ತಿತ್ತಾ ನಿಂಗೆ? ಐದು ತಿಂಗಳು ಬಾಯಿ ಮುಚ್ಚಿ ಕೂತದ್ದಾ? ನಂಗೆ ಒಂದು ಮಾತು ಹೇಳ್ಲಿಕ್ಕೆ ಎಂಥ ಆಗಿತ್ತು? ಕೊಂದೆಯಲ್ಲ ನಿನ್ನ ಪಪ್ಪನನ್ನು!"

ಹೇಳುತ್ತಲೇ ಕೆನ್ನೆಗೆ ಹೊಡೆದಳು. ಎರಡು ಸಲ. ಹುಟ್ಟಿದಂದಿನಿಂದ ಒಮ್ಮೆಯೂ ಹೊಡೆದವಳಲ್ಲ. ರಿಯಾ ಅಳಲಿಲ್ಲ, ನನ್ನ ಕಡೆ ನೋಡಿದಳು. ಕಾಯುತ್ತಿದ್ದಳು. ನಾನು ತಿರುಗಿ ಲಿಫ್ಟಿನ ಗುಂಡಿ ಒತ್ತಿದೆ. ಬೆಂಚಿನಲ್ಲಿ ಕೂತಿದ್ದ ಒಬ್ಬ ಅರಬ್ ಅಜ್ಜಿ ಕೋಲೂರಿಕೊಂಡು ಎದ್ದು ಬಂದು ತಾಯಿ ಮಗಳ ನಡುವೆ ನಿಂತಳು. "ಖಲಾಸ್, ಖಲಾಸ್" ಎಂದು ಲವೀನಾಳ ಕೈ ಹಿಡಿದು ಕೆಳಗಿಳಿಸಿದಳು. ನಾನು ಮಾಡಬೇಕಾದದ್ದನ್ನು ಗುರುತಿಲ್ಲದ ಮುದುಕಿ ಮಾಡಿದಳು.

ಆಣೆ ಹಾಕಿಸಿದ್ದು ನಾನೆಂದು ಆ ದಿನವೇ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಲವೀನಾ ರಾತ್ರಿಹಗಲು ನನ್ನ ಸೇವೆಗೆ ನಿಂತಳು, ಆ ಕೈಗಳು ನನ್ನನ್ನು ಬಿಟ್ಟುಬಿಟ್ಟರೆ ಎಂಬ ಹೆದರಿಕೆ. ವಾಸಿಯಾದ ಮೇಲೆ ಹೇಳೋಣ ಎಂದುಕೊಂಡೆ. ಡಾಕ್ಟರ ಬಳಿ ಹೋಗುವುದನ್ನು ಮುಂದೂಡಿದ ಹಾಗೇ ಇದನ್ನೂ ಮುಂದೂಡಿದೆ.

ಐದು ವಾರ ವಿಕಿರಣ. ಮೂತ್ರಕೋಶ ತುಂಬಿರಬೇಕು ಎಂದು ಒಂದು ಗಂಟೆ ಮೊದಲೇ ನೀರು ಕುಡಿಸಿ ಕೂರಿಸುತ್ತಾರೆ. ಕಾಯುವ ಕೋಣೆಯಲ್ಲಿ ಎಂಟು ಹತ್ತು ಗಂಡಸರು, ಎಲ್ಲರ ಕೈಯಲ್ಲೂ ಬಾಟಲಿ, ಎಲ್ಲರೂ ತೊಡೆ ಬಿಗಿಹಿಡಿದು ಕೂತಿರುತ್ತಾರೆ. ಯಂತ್ರ ಕೆಟ್ಟು ತಡವಾದ ದಿನ ಅಲ್ಲಿನ ಮುಖಗಳನ್ನು ನೋಡಬೇಕು. ಒಬ್ಬ ಬ್ಯಾಂಕಿನ ದೊಡ್ಡ ಮನುಷ್ಯ ಪ್ಯಾಂಟು ಒದ್ದೆ ಮಾಡಿಕೊಂಡು ಮಗುವಿನ ಹಾಗೆ ಅತ್ತ. ಉಳಿದವರು ಟಿವಿ ನೋಡಿದೆವು. ಅದಕ್ಕಿಂತ ದೊಡ್ಡ ದಯೆ ಆ ಕೋಣೆಯಲ್ಲಿ ಸಾಧ್ಯವಿರಲಿಲ್ಲ.

ಅಲ್ಲಿ ಒಂದು ದಿನ ತಮಾಂಗ್ ಸಿಕ್ಕಿದ, ಹಿಂದಿನ ಸೈಟಿನಲ್ಲಿ ಕಂಬಿ ಕಟ್ಟುವವರ ಮೇಸ್ತ್ರಿಯಾಗಿದ್ದ ನೇಪಾಳದವನು, ನನ್ನದೇ ವಯಸ್ಸು. "ಸಾಬ್, ಆಪ್ ಭೀ?" ಎಂದು ಎದ್ದು ನಿಂತ. ಆಮೇಲೆ, "ಆಪ್ ಹೀ ಬೋಲ್ತೇ ಥೇ ನಾ, ಕಲರ್ ದೇಖೋ, ಛುಪಾವೋ ಮತ್. ಮೈನೇ ದೇಖಾ, ಉಸೀ ದಿನ್ ಆಕೇ ಬೋಲಾ" ಎಂದ. ಅಣಕಿಸಿದ್ದಲ್ಲ, ಬಣ್ಣ ನೋಡಿ ಮುಚ್ಚಿಡದೆ ಅದೇ ದಿನ ಬಂದು ಹೇಳಿದೆ, ನೀವು ಹೇಳಿದ ಹಾಗೇ ನಡೆದುಕೊಂಡೆ ಎಂದು ಒಪ್ಪಿಸಿದ್ದು. ಮೂರು ವಾರ ಪಕ್ಕಪಕ್ಕ ಕೂತೆವು, ತಡವಾಗಿ ಬಂದರೆ ನನಗೊಂದು ಕುರ್ಚಿ ಹಿಡಿದಿಟ್ಟಿರುತ್ತಿದ್ದ. ಒಂದು ಸೋಮವಾರ ಅವನ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಸಿಸ್ಟರನ್ನು ಕೇಳಬಹುದಿತ್ತು. ಕೇಳಲಿಲ್ಲ.

ಡಿಸೆಂಬರಿನಲ್ಲಿ ಆಪರೇಷನ್. ಹಿಂದಿನ ದಿನ ಡಾಕ್ಟರು ಒಬ್ಬರೇ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ಕೆಳಗಿನ ದಾರಿಯನ್ನು ಪೂರ್ತಿ ಮುಚ್ಚಿ ಹೊಲಿಯುತ್ತೇವೆ, ಜೀವಮಾನವಿಡೀ ಚೀಲ ಎಂದರು. ಮೊದಲೇ ಬಂದಿದ್ದರೆ ಎಂದು ನಾನೇ ಕೇಳಿದೆ. ಫೆಬ್ರವರಿಯಲ್ಲಿ ಬಂದಿದ್ದರೆ ಚೀಲ ತಪ್ಪಿಸಬಹುದಿತ್ತು ಎಂದೇ ನನಗನಿಸುತ್ತದೆ ಎಂದರು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಚೀಲ ಬದಲಿಸುವುದು ಯಾರು? ಲವೀನಾ ಒಂದು ಸಲ ನೋಡಿ ವಾಂತಿ ಮಾಡಿಕೊಂಡಳು. ನಾನು ಅಂಟಿಸಿದ್ದು ಅರ್ಧ ಗಂಟೆಯಲ್ಲಿ ಸೋರಿತು. ರಿಯಾ ಆಸ್ಪತ್ರೆಯ ಸಿಸ್ಟರ್ ಹತ್ತಿರ ಎರಡು ಸಲ ಹೋಗಿ ಕಲಿತುಬಂದಳು. ಬಾಗಿದ ಸಣ್ಣ ಕತ್ತರಿಯಲ್ಲಿ ಅಳತೆಗೆ ಸರಿಯಾಗಿ ತೂತು ಕತ್ತರಿಸಿ, ಚರ್ಮ ಒರೆಸಿ, ಅಂಟಿಸಿ, ಅಂಟು ಹಿಡಿಯಲೆಂದು ಅಂಗೈ ಒತ್ತಿ ಕೂರುತ್ತಿದ್ದಳು. ಹದಿನಾರು ವರ್ಷದ ಹುಡುಗಿ. "ಪಾಪ, ಅವಳಿಗ್ಯಾಕೆ" ಎಂದು ನೆರೆಮನೆಯವರು ಅಂದರೆ ಲವೀನಾ, "ಮಾಡ್ಲಿ. ಅವಳೇ ಮಾಡ್ಬೇಕಾದ್ದು" ಎನ್ನುತ್ತಿದ್ದಳು. ನನಗೆ ಕೇಳಿಸುತ್ತಿತ್ತು. ಕೇಳಿಸಿಕೊಂಡು ಹಾಸಿಗೆಯಲ್ಲಿ ಮಗ್ಗಲು ಬದಲಿಸುತ್ತಿದ್ದೆ.

ಹೀಗೆ ಎರಡು ವರ್ಷ ಹೋಯಿತು. ಸ್ಕ್ಯಾನುಗಳು ಶುದ್ಧ ಬಂದವು. ಅಗಲದ ಸೀಟು ಹಾಕಿಸಿ ಹತ್ತು ನಿಮಿಷ ಸೈಕಲ್ ತುಳಿದೆ, ಅದರ ವಿಡಿಯೋಗೆ ಬಳಗದವರು ಚಪ್ಪಾಳೆಯ ಮಳೆ ಸುರಿಸಿದರು. ಮನೆಯಲ್ಲಿ ತಾಯಿಗೂ ಮಗಳಿಗೂ ಬಸ್ಸಿನ ಸಮಯ, ಉಪ್ಪು, ಚಾರ್ಜರ್ ಇಷ್ಟರ ಆಚೆ ಮಾತಿರಲಿಲ್ಲ. ರಿಯಾ ಹನ್ನೆರಡನೆಯದು ಮುಗಿಸಿದಳು, ಕಾಲೇಜಿಗೆ ಮಂಗಳೂರಿಗೆ ಹೊರಟಳು. ಇಲ್ಲಿಂದ ದೂರ ಹೋಗುವುದೊಂದೇ ಅವಳಿಗೆ ಬೇಕಿದ್ದದ್ದು.

ಹೊರಡುವ ವಾರ, ಒಂದು ಬೆಳಿಗ್ಗೆ ಚೀಲ ಬದಲಿಸುತ್ತ ಕೇಳಿದಳು.

"ಪಪ್ಪ, ಫೆಬ್ರವರಿಯಲ್ಲೇ ನಾನು ಅಮ್ಮನಿಗೆ ಹೇಳಿದ್ರೆ ಈ ಬ್ಯಾಗ್ ಇರ್ತಿತ್ತಾ?"

"ಇರ್ತಿತ್ತು. ಏನೂ ಡಿಫರೆನ್ಸ್ ಆಗ್ತಿರ್ಲಿಲ್ಲ ಮಗಾ. ಡಾಕ್ಟ್ರೇ ಹೇಳಿದ್ದಾರೆ."

ಅವಳ ಅಂಗೈ ನನ್ನ ಹೊಟ್ಟೆಯ ಮೇಲಿತ್ತು. ತೆಗೆಯಲಿಲ್ಲ.

"ನಾನೂ ಅವ್ರ ಹತ್ರ ಕೇಳಿದ್ದೆ. ಲಾಸ್ಟ್ ಇಯರ್. ನೀವು ಏನು ಹೇಳ್ತೀರಿ ಅಂತ ನೋಡ್ಲಿಕ್ಕೆ ಕೇಳಿದ್ದು."

ಆಣೆ ಹಾಕಿಸಿದ್ದು ನಾನೆಂದು ಅಮ್ಮನಿಗೆ ಯಾಕೆ ಹೇಳಲಿಲ್ಲ, ಅಷ್ಟು ಹೇಳಿದ್ದರೆ ನಿನ್ನ ಮೇಲಿನ ಕೋಪ ಇಳಿಯುತ್ತಿತ್ತಲ್ಲ ಎಂದೆ.

"ನಿಮ್ಮ ತಲೆ ಮೇಲೆ ಕೈ ಇಟ್ಟದ್ದಲ್ವಾ? ಡಾಕ್ಟರ್ ರೂಮಲ್ಲಿ ಒಂದ್ಸಲ ಬಾಯಿ ಬಿಟ್ಟೆ, ಕೂಡಲೇ ಅವ್ರು ಕ್ಯಾನ್ಸರ್ ಅಂದ್ರು. ಮತ್ತೆ ಹೇಳ್ಲಿಕ್ಕೆ ಹೆದರಿಕೆ ಆಯ್ತು. ಐ ನೋ ಇಟ್ಸ್ ಸ್ಟುಪಿಡ್."

ಕತ್ತರಿ ಒರೆಸಿ ಡಬ್ಬಿಯಲ್ಲಿಟ್ಟು ತನ್ನ ಕೋಣೆಗೆ ಹೋದಳು.

ಅಡುಗೆಮನೆಯಲ್ಲಿ ಲವೀನಾ ಬಂಗುಡೆ ಶುಚಿ ಮಾಡುತ್ತಿದ್ದಳು, ಮಗಳ ಸೂಟ್‌ಕೇಸಿಗೆ ಒಂದು ಬಾಟಲಿ ಮೀನಿನ ಉಪ್ಪಿನಕಾಯಿ ಹಾಕಲೆಂದು. ನಿಂತಲ್ಲೇ ಎಲ್ಲ ಹೇಳಿದೆ. ಫ್ಲಶ್, ತಲೆಯ ಮೇಲಿನ ಕೈ, ದಿನಾ ಬರುತ್ತಿದ್ದ ಮೆಸೇಜ್, ಡಾಕ್ಟರ ಮಾತು, ಈಗಷ್ಟೇ ಹೇಳಿದ ಸುಳ್ಳು. ಅವಳು ನಲ್ಲಿ ನಿಲ್ಲಿಸಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಮೀನನ್ನು ತಟ್ಟೆಯಲ್ಲಿಟ್ಟಳು.

"ಲಿಫ್ಟಿನ ಹತ್ರ ನಾನು ಅವಳಿಗೆ ಹೊಡೆಯುವಾಗ ನೀನು ಅಲ್ಲೇ ಇದ್ದಿ."

"ಇದ್ದೆ."

"ಒಂದು ಮಾತು ಹೇಳ್ಲಿಲ್ಲ."

"ಇಲ್ಲ."

ಕೈ ತೊಳೆಯದೆಯೇ ಅವಳು ಮಗಳ ಕೋಣೆಗೆ ಹೋದಳು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು, ಮೊದಲು ಒಬ್ಬರದು, ಆಮೇಲೆ ಇಬ್ಬರದೂ. ನಾನು ಹೊರಗೆ ನಿಂತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ.